ಗಡಿಯಾರದ ಬಿಡಿಭಾಗಗಳ ಆಭರಣ

ಗಡಿಯಾರದ ಬಿಡಿಭಾಗಗಳ ಆಭರಣ ಎಂದರೆ ಕೆಟ್ಟುಹೋದ, ಕೀಲಿ ಕೊಡುವ ಹಳೆಯ ಗಡಿಯಾರಗಳ ಹಲ್ಲುಚಕ್ರ, ಮುಳ್ಳು, ಡಯಲ್ ಮೊದಲಾದವುಗಳಿಂದ ರೂಪಿಸುವ ಪದಕ, ಓಲೆ, ಉಂಗುರ ಮುಂತಾದ ಒಡವೆಗಳು. ಸ್ಟೀಮ್‌ಪಂಕ್ ಶೈಲಿಯಲ್ಲಿ ಇವು ಪ್ರಮುಖ ಸ್ಥಾನ ಪಡೆದಿವೆ. ಬಳಕೆ ತಪ್ಪಿದ ಲೋಹವನ್ನು ಒಡವೆಯಾಗಿಸುವ ರೂಢಿ ಕರ್ನಾಟಕದಲ್ಲಿ ಹಳೆಯದು. ಕೊಪ್ಪಳ ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕದ ತಾಂಡಾಗಳ ಲಂಬಾಣಿ ಮಹಿಳೆಯರ ಸಾಂಪ್ರದಾಯಿಕ ಉಡುಗೆ-ತೊಡುಗೆಗಳಲ್ಲಿ ಹಳೆಯ ನಾಣ್ಯಗಳು ಕಾಣಸಿಗುತ್ತವೆ.

ಸಾಮಗ್ರಿ

ಕರ್ನಾಟಕದ ಮನೆಗಳಲ್ಲಿ ಉಳಿದಿರುವ ಹಳೆಯ ಕೈಗಡಿಯಾರಗಳಲ್ಲಿ ಎಚ್‌ಎಂಟಿ ತಯಾರಿಕೆಯವು ಪರಿಚಿತವಾದವು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಇದರ ಗಡಿಯಾರ ಕಾರ್ಖಾನೆ 1961ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ಅನುಮೋದನೆ ನೀಡಿತು. ಜನತಾ ಮಾದರಿಯ ಯಂತ್ರದಲ್ಲಿ 17 ಕಲ್ಲುಗಳಿವೆ. ಚಕ್ರಗಳ ಅಚ್ಚುಗಳ ಸವೆತವನ್ನು ತಡೆಯುವ ಈ ಕೃತಕ ಮಾಣಿಕ್ಯಗಳು ಒಡವೆಯಲ್ಲಿ ಕೆಂಪು ಚುಕ್ಕೆಗಳಂತೆ ಕಾಣುತ್ತವೆಯಾದರೂ ರತ್ನದ ಬೆಲೆ ಬಾಳುವುದಿಲ್ಲ.

ತಯಾರಿಕೆ

ಬಿಗಿದ ಮುಖ್ಯ ಸ್ಪ್ರಿಂಗ್ ಸಿಡಿದು ಕಣ್ಣಿಗೆ ಅಪಾಯವಾಗಬಹುದಾದ್ದರಿಂದ ಮೊದಲು ಅದನ್ನು ಸಡಿಲಿಸಲಾಗುತ್ತದೆ. ಬಳಿಕ ಭಾಗಗಳ ಎಣ್ಣೆಯ ಜಿಡ್ಡನ್ನು ತೆಗೆದು, ಎಪಾಕ್ಸಿ ಅಂಟಿನಿಂದ ಲೋಹದ ತಳಕ್ಕೆ ಕೂಡಿಸುತ್ತಾರೆ ಅಥವಾ ಪಾರದರ್ಶಕ ರೆಸಿನ್‌ನಲ್ಲಿ ಹುದುಗಿಸುತ್ತಾರೆ. ಬೆವರಿಗೆ ಹಿತ್ತಾಳೆ ಕಪ್ಪಾಗದಂತೆ ಮೆರುಗೆಣ್ಣೆ ಹಚ್ಚುವುದುಂಟು.

ಎಚ್ಚರಿಕೆ ಮತ್ತು ಆಕ್ಷೇಪ

ಕತ್ತಲಲ್ಲಿ ಹೊಳೆಯುವಂತೆ ಮಾಡಿದ ಕೆಲವು ಹಳೆಯ ವಿದೇಶಿ ಡಯಲ್‌ಗಳಿಗೆ ವಿಕಿರಣಶೀಲ ರೇಡಿಯಂ ಬಣ್ಣ ಬಳಿಯಲಾಗಿತ್ತು. ಅವುಗಳನ್ನು ಕೆರೆಯುವುದು ಅಪಾಯಕಾರಿ. ನಿಕ್ಕಲ್ ಲೇಪಿತ ಭಾಗಗಳಿಂದ ಕೆಲವರಿಗೆ ಚರ್ಮದ ಅಲರ್ಜಿ ಉಂಟಾಗಬಹುದು. ತಯಾರಿಕೆ ನಿಂತಿರುವ ಮಾದರಿಗಳ ದುರಸ್ತಿ ಹಳೆಯ ಬಿಡಿಭಾಗಗಳನ್ನೇ ಅವಲಂಬಿಸಿದೆ. ಆದ್ದರಿಂದ, ರಿಪೇರಿಯಾಗಬಲ್ಲ ಗಡಿಯಾರವನ್ನು ಒಡವೆಗಾಗಿ ಬಿಚ್ಚಿದರೆ ಅದರೊಂದಿಗೆ ಇನ್ನೊಂದು ಗಡಿಯಾರ ನಡೆಯುವ ಅವಕಾಶವೂ ಇಲ್ಲವಾಗುತ್ತದೆ ಎಂಬ ಆಕ್ಷೇಪವಿದೆ. ತುಕ್ಕು ಹಿಡಿದ, ಮುರಿದ ಭಾಗಗಳನ್ನು ಮಾತ್ರ ಆಭರಣಕ್ಕೆ ಬಳಸಿ, ಸುಸ್ಥಿತಿಯಲ್ಲಿರುವವನ್ನು ದುರಸ್ತಿಗಾರರಿಗೆ ಉಳಿಸುವುದು ಇದಕ್ಕೆ ಪರಿಹಾರ.