ಪ್ರೊಸೆಸರ್ ಸಮಯ ಹಂಚಿಕೆ

ಗಣಕಯಂತ್ರದಲ್ಲಿ ಚಾಲನೆಯಲ್ಲಿರುವ ಹಲವು ಪ್ರಕ್ರಿಯೆಗಳ ಪೈಕಿ ಯಾವುದಕ್ಕೆ, ಯಾವಾಗ, ಎಷ್ಟು ಹೊತ್ತು ಪ್ರೊಸೆಸರನ್ನು ಒಪ್ಪಿಸಬೇಕೆಂದು ಕಾರ್ಯಾಚರಣಾ ವ್ಯವಸ್ಥೆಯು ನಿರ್ಧರಿಸುವ ಕ್ರಮವನ್ನು ಪ್ರೊಸೆಸರ್ ಸಮಯ ಹಂಚಿಕೆ ಅಥವಾ ಸಿಪಿಯು ಶೆಡ್ಯೂಲಿಂಗ್ ಎನ್ನುತ್ತಾರೆ. ಈ ಕಾರ್ಯವನ್ನು ನಿರ್ವಹಿಸುವ ಭಾಗಕ್ಕೆ ಶೆಡ್ಯೂಲರ್ ಎಂದು ಹೆಸರು. ಪ್ರಕ್ರಿಯೆಗಳ ಸಂಖ್ಯೆ ಪ್ರೊಸೆಸರಿನ ಕೋರ್‌ಗಳ ಸಂಖ್ಯೆಗಿಂತ ಸಾಮಾನ್ಯವಾಗಿ ಬಹಳ ಹೆಚ್ಚಿರುವುದರಿಂದ ಸರದಿ ಅನಿವಾರ್ಯ. ಈ ಸರದಿ ಅತಿ ಶೀಘ್ರವಾಗಿ ಬದಲಾಗುವ ಕಾರಣ ಬಳಕೆದಾರರಿಗೆ ಎಲ್ಲ ಕೆಲಸಗಳೂ ಒಟ್ಟಿಗೆ ನಡೆಯುತ್ತಿರುವಂತೆ ಭಾಸವಾಗುತ್ತದೆ.

ಹಿನ್ನೆಲೆ

ಆರಂಭದ ಗಣಕಯಂತ್ರಗಳು ಒಂದು ಕೆಲಸ ಪೂರ್ಣಗೊಂಡ ನಂತರವೇ ಮತ್ತೊಂದನ್ನು ಕೈಗೆತ್ತಿಕೊಳ್ಳುತ್ತಿದ್ದವು. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಟೊ ಅವರ ನೇತೃತ್ವದಲ್ಲಿ ರೂಪುಗೊಂಡ ಸಿಟಿಎಸ್ಎಸ್ ಎಂಬ ವ್ಯವಸ್ಥೆಯನ್ನು 1961ರಲ್ಲಿ ಪ್ರದರ್ಶಿಸಲಾಯಿತು. ಒಂದೇ ಗಣಕವನ್ನು ಹಲವರು ಏಕಕಾಲದಲ್ಲಿ ಬಳಸುವುದು ಇದರಿಂದ ಸಾಧ್ಯವಾಯಿತು. ಕೊರ್ಬಟೊ ಅವರಿಗೆ 1990ರ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಕಾರ್ಯವಿಧಾನ

ಓಡಲು ಸಿದ್ಧವಾಗಿರುವ ಪ್ರಕ್ರಿಯೆಗಳು ಸರದಿ ಸಾಲಿನಲ್ಲಿ ಕಾಯುತ್ತವೆ. ಗಣಕದೊಳಗಿನ ಟೈಮರ್ ನಿಗದಿತ ಅವಧಿಗೊಮ್ಮೆ ಇಂಟರಪ್ಟ್ ಎಂಬ ಸಂಕೇತವನ್ನು ಕಳುಹಿಸಿ ನಿಯಂತ್ರಣವನ್ನು ಕಾರ್ಯಾಚರಣಾ ವ್ಯವಸ್ಥೆಗೆ ಮರಳಿಸುತ್ತದೆ. ಆಗ ಶೆಡ್ಯೂಲರ್ ಬೇರೊಂದು ಪ್ರಕ್ರಿಯೆಯನ್ನು ಆರಿಸಿದರೆ, ಹಿಂದಿನದರ ಸ್ಥಿತಿಯನ್ನು ಸ್ಮೃತಿಯಲ್ಲಿ ಉಳಿಸಿ ಹೊಸದರ ಸ್ಥಿತಿಯನ್ನು ತುಂಬಿಕೊಳ್ಳಲಾಗುತ್ತದೆ. ಇದಕ್ಕೆ ಕಾಂಟೆಕ್ಸ್ಟ್ ಸ್ವಿಚ್ ಎಂದು ಹೆಸರು. ಈ ಬದಲಾವಣೆಗೂ ಸಮಯ ವ್ಯಯವಾಗುವುದರಿಂದ ಸರದಿಯನ್ನು ಮಿತಿಮೀರಿ ಬದಲಿಸುವುದೂ ನಷ್ಟವೇ.

ಪ್ರಮುಖ ವಿಧಾನಗಳು

ಕ್ರಮವಾಗಿ 30, 6 ಮತ್ತು 3 ಮಿಲಿಸೆಕೆಂಡು ಬೇಕಾಗಿರುವ ಅ, ಬ, ಕ ಎಂಬ ಮೂರು ಪ್ರಕ್ರಿಯೆಗಳು ಇದೇ ಅನುಕ್ರಮದಲ್ಲಿ, ಬಹುತೇಕ ಒಟ್ಟಿಗೇ ಬಂದಿವೆ ಎಂದು ಭಾವಿಸೋಣ. ಸರದಿ ಬದಲಾವಣೆಯ ವೆಚ್ಚವನ್ನು ಇಲ್ಲಿ ಗಣಿಸಿಲ್ಲ.

• ಮೊದಲು ಬಂದವರಿಗೆ ಮೊದಲ ಸೇವೆ: ಅ ಕಾಯಬೇಕಾಗಿಲ್ಲ, ಬ 30, ಕ 36 ಮಿಲಿಸೆಕೆಂಡು ಕಾಯುತ್ತವೆ. ಸರಾಸರಿ ಕಾಯುವಿಕೆ 22 ಮಿಲಿಸೆಕೆಂಡು. ದೀರ್ಘವಾದ ಒಂದು ಕೆಲಸ ಉಳಿದೆಲ್ಲವನ್ನೂ ತಡೆಯುತ್ತದೆ.
• ಚಿಕ್ಕ ಕೆಲಸ ಮೊದಲು: ಕ, ಬ, ಅ ಕ್ರಮದಲ್ಲಿ ನಡೆಸಿದರೆ ಸರಾಸರಿ 4 ಮಿಲಿಸೆಕೆಂಡಿಗೆ ಇಳಿಯುತ್ತದೆ. ಆದರೆ ಯಾವ ಕೆಲಸಕ್ಕೆ ಎಷ್ಟು ಸಮಯ ಬೇಕೆಂಬುದು ಮುಂಚಿತವಾಗಿ ತಿಳಿದಿರುವುದು ಅಪರೂಪ. ಚಿಕ್ಕ ಕೆಲಸಗಳು ಬರುತ್ತಲೇ ಇದ್ದರೆ ದೊಡ್ಡದಕ್ಕೆ ಸರದಿಯೇ ಬಾರದಿರಬಹುದು.
• ರೌಂಡ್ ರಾಬಿನ್: ಪ್ರತಿಯೊಂದಕ್ಕೂ ಸರದಿಯಂತೆ ಸಮಾನ ಅವಧಿ ನೀಡಲಾಗುತ್ತದೆ. ಆ ಅವಧಿ 3 ಮಿಲಿಸೆಕೆಂಡಾದರೆ ಸರಾಸರಿ ಕಾಯುವಿಕೆ 8 ಮಿಲಿಸೆಕೆಂಡು. ಯಾವುದೂ ಸಂಪೂರ್ಣವಾಗಿ ವಂಚಿತವಾಗುವುದಿಲ್ಲ.
• ಆದ್ಯತೆಯ ವಿಧಾನ: ಹೆಚ್ಚು ಮಹತ್ವದ ಪ್ರಕ್ರಿಯೆಗೆ ಮೊದಲ ಅವಕಾಶ. ಕೆಳಗಿನವು ಅನಿರ್ದಿಷ್ಟ ಕಾಲ ಕಾಯುವುದನ್ನು ತಪ್ಪಿಸಲು, ಕಾದಷ್ಟೂ ಅವುಗಳ ಆದ್ಯತೆಯನ್ನು ಏರಿಸುವ ಉಪಾಯವುಂಟು.

ಆದ್ಯತೆಯ ವಿಪರ್ಯಯ

ಆದ್ಯತೆಯನ್ನು ನಿಗದಿಪಡಿಸಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯುವುದಿಲ್ಲ ಎಂಬುದಕ್ಕೆ ಅಮೆರಿಕದ ನಾಸಾ ಸಂಸ್ಥೆಯ ಮಾರ್ಸ್ ಪಾತ್‌ಫೈಂಡರ್ ನೌಕೆ ಪ್ರಸಿದ್ಧ ನಿದರ್ಶನ. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲೆ ಇಳಿದ ಈ ನೌಕೆಯ ಗಣಕವು ಕೆಲವು ದಿನಗಳಲ್ಲಿ ತಾನಾಗಿಯೇ ಮರುಚಾಲನೆಗೊಳ್ಳತೊಡಗಿತು. ಹವಾಮಾನ ಮಾಹಿತಿ ಸಂಗ್ರಹಿಸುವ ಕೆಳ ಆದ್ಯತೆಯ ಕೆಲಸವು ಹಂಚಿಕೆಯ ಸಂಪನ್ಮೂಲವೊಂದನ್ನು ಹಿಡಿದುಕೊಂಡಿದ್ದಾಗ, ಅದೇ ಸಂಪನ್ಮೂಲಕ್ಕಾಗಿ ಮೇಲ್ ಆದ್ಯತೆಯ ಕೆಲಸವು ಕಾಯಬೇಕಾಗುತ್ತಿತ್ತು. ಅಷ್ಟರಲ್ಲಿ ಸಂವಹನದ ಮಧ್ಯಮ ಆದ್ಯತೆಯ ಕೆಲಸವು ಕೆಳಗಿನದನ್ನು ತಡೆದು ತಾನು ಓಡುತ್ತಿತ್ತು. ಮಹತ್ವದ ಕೆಲಸವು ಸಕಾಲದಲ್ಲಿ ಮುಗಿಯದಿರುವುದನ್ನು ಗಮನಿಸಿದ ಕಾವಲು ವ್ಯವಸ್ಥೆ ಗಣಕವನ್ನು ಮರುಚಾಲನೆ ಮಾಡುತ್ತಿತ್ತು. ಸಂಪನ್ಮೂಲ ಹಿಡಿದಿರುವ ಕೆಲಸಕ್ಕೆ ತಾತ್ಕಾಲಿಕವಾಗಿ ಮೇಲಿನ ಆದ್ಯತೆಯನ್ನು ನೀಡುವ ಸೌಲಭ್ಯವನ್ನು ಭೂಮಿಯಿಂದಲೇ ಸಕ್ರಿಯಗೊಳಿಸಿ ಈ ದೋಷವನ್ನು ಸರಿಪಡಿಸಲಾಯಿತು.

ಲಿನಕ್ಸ್‌ನಲ್ಲಿ ಹಂಚಿಕೆ

ಇಂಗೊ ಮೋಲ್ನಾರ್ ರೂಪಿಸಿದ ಸಿಎಫ್ಎಸ್ ಶೆಡ್ಯೂಲರನ್ನು 2007ರಲ್ಲಿ ಲಿನಕ್ಸ್ ಕರ್ನೆಲ್‌ನ 2.6.23 ಆವೃತ್ತಿಗೆ ಸೇರಿಸಲಾಯಿತು. ಪ್ರತಿ ಪ್ರಕ್ರಿಯೆ ಈವರೆಗೆ ಪಡೆದ ಸಮಯದ ಲೆಕ್ಕವಿಟ್ಟು, ತನ್ನ ಪಾಲಿಗಿಂತ ಅತಿ ಕಡಿಮೆ ಪಡೆದುದಕ್ಕೆ ಮುಂದಿನ ಸರದಿ ನೀಡುವುದು ಇದರ ತತ್ತ್ವ. ಬಳಕೆದಾರರು −20ರಿಂದ 19ರವರೆಗಿನ ನೈಸ್ ಎಂಬ ಅಂಕದ ಮೂಲಕ ಪಾಲನ್ನು ಬದಲಿಸಬಹುದು. ಅಂಕ ಕಡಿಮೆಯಾದಷ್ಟೂ ಪಾಲು ಹೆಚ್ಚು. 2023ರಲ್ಲಿ 6.6 ಆವೃತ್ತಿಯೊಡನೆ ಇದರ ಸ್ಥಾನಕ್ಕೆ ಇಇವಿಡಿಎಫ್ ಎಂಬ ವಿಧಾನ ಬಂದಿತು.

ಎಲ್ಲ ಸಂದರ್ಭಗಳಿಗೂ ಒಪ್ಪುವ ಒಂದೇ ವಿಧಾನವಿಲ್ಲ. ಒಂದರ ಕಾಯುವಿಕೆಯನ್ನು ಕಡಿಮೆ ಮಾಡಿದರೆ ಮತ್ತೊಂದರದು ಹೆಚ್ಚುತ್ತದೆ. ಆದ್ದರಿಂದ ಗಣಕದ ಬಳಕೆಯ ಉದ್ದೇಶವನ್ನು ಅನುಸರಿಸಿ ವಿಧಾನವನ್ನು ಆರಿಸಲಾಗುತ್ತದೆ.