ಹಾವೇರಿ ಸೀಮೆಯಲ್ಲಿ ಬಡಮಕ್ಕಳ ಅಕ್ಷರಾರಂಭ

ವರದೆ ತುಂಗಭದ್ರೆಗಳ ಆಸರೆಯಲ್ಲಿ ಬೆಳೆದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಪಟ್ಟಣಗಳು ಹುಬ್ಬಳ್ಳಿಯಿಂದ ದಾವಣಗೆರೆಗೆ ಹೋಗುವ ಒಂದೇ ರೈಲುಹಾದಿಯ ಮೇಲೆ ಒಂದರ ಬಳಿಕ ಒಂದರಂತೆ ಇರುವವು. ಹಾವೇರಿಯ ಏಲಕ್ಕಿ ಹಾರಗಳೂ, ಬ್ಯಾಡಗಿಯ ಮೆಣಸಿನಕಾಯಿಯೂ, ರಾಣೆಬೆನ್ನೂರಿನ ಅರಳೆ ಹಾಗೂ ಬಿತ್ತನೆ ಬೀಜಗಳ ವ್ಯಾಪಾರವೂ ನಾಡಿನಲ್ಲೆಲ್ಲ ಹೆಸರಾಗಿವೆ. ಈ ಹೆಸರಿನ ಹಿಂದೆ ಸಾವಿರಾರು ತಾಯಂದಿರ ಕೂಲಿಯುಂಟು. ಆ ತಾಯಂದಿರು ಹೊಲದ ಬದುವಿನಲ್ಲಿಯೂ ಪೇಟೆಯ ಅಂಗಳದಲ್ಲಿಯೂ ಕೂರಿಸಿಕೊಂಡ ಎಳೆಯ ಮಕ್ಕಳ ವಿದ್ಯಾರಂಭವು ಹೇಗೆ ನಡೆದು ಬಂದಿತು, ಎಲ್ಲಿ ನಿಂತಿತು, ಮುಂದೆ ಏನಾಗತಕ್ಕದ್ದು ಎಂಬುದನ್ನು ಸದ್ಭಕ್ತರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಪೂರ್ವದಲ್ಲಿ ಕನ್ನಡ ನಾಡಿನ ಹಳ್ಳಿಗಳಲ್ಲಿ ‘ಮಠ’ ಎಂಬ ಮಾತಿಗೆ ಶಾಲೆ ಎಂಬ ಅರ್ಥವೂ ಇದ್ದಿತು. ಐಗಳ ಮಠ, ಕೂಲಿಮಠ ಎಂಬ ಹೆಸರುಗಳನ್ನು ಹಿರಿಯರು ಬಲ್ಲರು. ಅಂಥ ಮಠಗಳಲ್ಲಿ ಮಗುವು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರವನ್ನು ತಿದ್ದುತ್ತಿದ್ದಿತು. ಕೈ ತಿರುಗಿದ ಮೇಲೆ ಹಲಗೆ ಬಳಪಗಳು ಬರುತ್ತಿದ್ದವು. ತುಂಗಭದ್ರೆಯ ಆಚೆಯ ದಂಡೆಯಲ್ಲಿದ್ದ ಬಳ್ಳಾರಿ ಜಿಲ್ಹೆಯ ಕಲೆಕ್ಟರನಾಗಿದ್ದ ಏ. ಡಿ. ಕ್ಯಾಂಪಬೆಲ್ ಎಂಬಾತನು 1823ನೆಯ ಇಸವಿಯಲ್ಲಿ ತನ್ನ ಸರಕಾರಕ್ಕೆ ಬರೆದ ವರದಿಯಲ್ಲಿ ಈ ಕ್ರಮವು ಚೆನ್ನಾಗಿ ವರ್ಣಿತವಾಗಿದೆ. ಮಗುವಿಗೆ ಐದು ವರ್ಷವಾದಾಗ ಗುರುವೂ ಶಿಷ್ಯರೂ ಅದರ ಮನೆಗೇ ಹೋಗುತ್ತಿದ್ದರು. ಪೂಜೆಯಾದ ಬಳಿಕ ಮಗುವಿನ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ಬರೆಯಿಸುತ್ತಿದ್ದರು. ಅನಂತರ ಶಾಲೆಯ ಮರಳಿನಲ್ಲಿ ಓದುಬರಹವು ಸಾಗುತ್ತಿದ್ದಿತು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಪದ್ಧತಿಯೂ ಇದ್ದಿತು. ಮಗುವು ಶಾಲೆಗೆ ಬರುವ ಮುನ್ನ ಶಾಲೆಯೇ ಮಗುವಿನ ಮನೆಗೆ ಬರುತ್ತಿದ್ದ ಆ ಪದ್ಧತಿಯಲ್ಲಿ, ಎಳೆಯ ಮನಸ್ಸಿನ ಅಂಜಿಕೆಯನ್ನು ಕಳೆಯುವ ಜಾಣ್ಮೆಯಿದ್ದಿತು.

ಆದರೆ ಅದೇ ವರದಿಯು ಇನ್ನೊಂದು ಸಂಗತಿಯನ್ನೂ ಮುಚ್ಚಿಡುವುದಿಲ್ಲ. ಒಂಬತ್ತು ಲಕ್ಷಕ್ಕೂ ಮಿಕ್ಕ ಜನರಿದ್ದ ಆ ಜಿಲ್ಹೆಯಲ್ಲಿ ಇದ್ದ ಶಾಲೆಗಳು 533, ಕಲಿಯುತ್ತಿದ್ದವರು 6,641. ನಡುತರದ ಮತ್ತು ಕೆಳಗಿನ ಜನರಿಗೆ ಮಕ್ಕಳ ಓದಿನ ವೆಚ್ಚವನ್ನು ತಾಳುವ ಶಕ್ತಿಯು ಉಳಿದಿರಲಿಲ್ಲವೆಂದೂ, ಎಳೆಯ ಕೈಕಾಲುಗಳಿಗೆ ತುಸು ಕಸುವು ಬರುತ್ತಲೇ ಮಕ್ಕಳು ತಂದೆತಾಯಿಗಳ ದುಡಿಮೆಗೆ ಹೆಗಲು ಕೊಡಬೇಕಾಗಿದ್ದಿತೆಂದೂ ಕ್ಯಾಂಪಬೆಲ್ಲನು ತಿಳಿಸಿರುವನು. ಹೆಣ್ಣುಮಕ್ಕಳ ಸಂಖ್ಯೆಯು ಬೆರಳೆಣಿಕೆಗೆ ಸಮೀಪವಾಗಿದ್ದಿತು. ಅಕ್ಕಿಯ ಮೇಲಿನ ಆ ಮಂಗಲಾಕ್ಷರವು ಅಕ್ಕಿಯಿದ್ದ ಮನೆಯ ಮಕ್ಕಳಿಗೆ ದೊರೆಯಿತು. ಉಳಿದವರಿಗೆ ಅದು ದೊರೆಯಲಿಲ್ಲ.

ಹಾವೇರಿ ಸೀಮೆಯು ಆಗ ಧಾರವಾಡ ಜಿಲ್ಹೆಗೆ ಸೇರಿ ಮುಂಬಯಿ ಸರಕಾರದ ಆಡಳಿತದಲ್ಲಿದ್ದಿತು. ಸರಕಾರಿ ಶಾಲೆಗಳು ತೆರೆದ ಮೇಲೆಯೂ ಬಾಗಿಲು ಎಲ್ಲರಿಗೂ ಒಂದೇ ಆಗಿರಲಿಲ್ಲ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಲು ಬಯಸಿದ ಒಬ್ಬ ಮಹಾರ ಬಾಲಕನಿಗೆ ಪ್ರವೇಶವು ದೊರೆಯದೆ ಹೋಯಿತು. ಆ ಹುಡುಗನ ಅರ್ಜಿಯು ಮುಂಬಯಿಯವರೆಗೂ, ಅಲ್ಲಿಂದ ವಿಲಾಯತಿಯವರೆಗೂ ಚರ್ಚೆಯನ್ನೆಬ್ಬಿಸಿತು. ಸರಕಾರದ ಪೂರ್ಣ ವೆಚ್ಚದಲ್ಲಿ ನಡೆಯುವ ಶಾಲೆಗಳು ಸಕಲ ಜಾತಿಯವರಿಗೂ ತೆರೆದಿರತಕ್ಕವೆಂದು 1858ರ ಸುಮಾರಿಗೆ ತತ್ತ್ವತಃ ಒಪ್ಪಿದ್ದರೂ, ಕಾಗದದ ಮೇಲಿನ ಆ ಮಾತು ಹಳ್ಳಿಯ ಜಗುಲಿಗೆ ಇಳಿದು ಬರಲು ಅನೇಕ ದಶಕಗಳೇ ಹಿಡಿದವು. 1918ರ ಮತ್ತು 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯಿದೆಗಳು ಕಡ್ಡಾಯ ಶಿಕ್ಷಣಕ್ಕೆ ಹಾದಿಯನ್ನು ಹಾಕಿದವು. ಆದರೂ ಶಾಲೆಯ ವಯಸ್ಸಿಗೆ ಬಾರದ ಕೂಸುಗಳ ಚಿಂತೆಯು ಆ ಕಾಯಿದೆಗಳಲ್ಲಿ ಇರಲಿಲ್ಲ.

ಇದೇ ಕಾಲದಲ್ಲಿ ಈ ಸೀಮೆಯ ಮಣ್ಣಿನಿಂದಲೇ ಒಬ್ಬ ಮಹಾಪುರುಷರು ಉದಿಸಿದರು. ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿ, ಪಾಠಶಾಲೆಗಳಿಗೂ ಉಚಿತ ಪ್ರಸಾದನಿಲಯಗಳಿಗೂ ಪ್ರೇರಣೆಯನ್ನಿತ್ತರು. 1930ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ದೃಷ್ಟಿಯು ಕೈಬಿಟ್ಟ ಮಕ್ಕಳ ಕಡೆಗೆ ಹರಿಯುತ್ತಲೇ ಇದ್ದಿತು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕುರುಡ ಬಾಲಕನಿಗೆ ಅವರು ಸಂಗೀತಶಿಕ್ಷಣವನ್ನು ಕೊಡಿಸಿದರು; ಆ ಬಾಲಕನೇ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಾದರು. ಹಾವೇರಿಯ ಬಳಿಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ ಹಸುಗೂಸಾಗಿರುವಾಗಲೇ ಕಣ್ಣು ಕಳೆದುಕೊಂಡ ಪುಟ್ಟರಾಜರು ಆ ಪಂಚಾಕ್ಷರಿಗಳ ಆಶ್ರಯದಲ್ಲಿ ಬೆಳೆದು, ತಾವೇ ಅಸಂಖ್ಯ ಅಂಧ ಬಾಲಕರಿಗೆ ಆಶ್ರಯವಾದರು. ಏನೂ ಆಗಲಾರದೆಂದು ಲೋಕವು ತಳ್ಳಿದ ಮಗುವನ್ನು ಸಕಾಲದಲ್ಲಿ ಎತ್ತಿಕೊಂಡರೆ ಏನಾಗುವುದೆಂಬುದಕ್ಕೆ ಈ ಸೀಮೆಯವರು ದೂರದ ಉದಾಹರಣೆಯನ್ನು ಅರಸಬೇಕಾಗಿಲ್ಲ.

ಇಷ್ಟಾದರೂ ಪ್ರಸಾದನಿಲಯಗಳ ಬಾಗಿಲಿಗೆ ಬಂದವರು ಓದು ಬರಹ ಬಲ್ಲ ಹುಡುಗರೇ. ಮೂರರಿಂದ ಆರು ವರ್ಷದ ಮಗುವಿನ ಕಡೆಗೆ ಲೋಕದ ಕಣ್ಣು ತಿರುಗಿದ್ದು ಬೇರೆ ದಾರಿಯಿಂದ. ಜರ್ಮನಿಯ ಫ್ರೋಬೆಲನು 1837ರಲ್ಲಿ ಮಕ್ಕಳ ಆಟದ ಶಾಲೆಯನ್ನು ತೆರೆದು, ಮುಂದೆ ಅದಕ್ಕೆ ಮಕ್ಕಳ ತೋಟವೆಂಬರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರನ್ನಿಟ್ಟನು. ವೈದ್ಯೆಯಾಗಿದ್ದ ಮಾರಿಯಾ ಮಾಂಟೆಸೊರಿಯು 1907ರಲ್ಲಿ ರೋಮ್ ನಗರದ ಬಡ ಕೂಲಿಕಾರರ ಕೇರಿಯಲ್ಲಿ ‘ಮಕ್ಕಳ ಮನೆ’ಯನ್ನು ಆರಂಭಿಸಿದಳು. ತಂದೆತಾಯಿಗಳು ದುಡಿಯ ಹೋದಾಗ ಬೀದಿಯ ಪಾಲಾಗುತ್ತಿದ್ದ ಮಕ್ಕಳೇ ಅವಳ ಮೊದಲ ಶಿಷ್ಯರು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಕಟ್ಟಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ ಅವರು 1945ರಲ್ಲಿ ಠಾಣೆ ಜಿಲ್ಹೆಯ ಬೋರ್ಡಿಗೆ ಬಂದು ಹಳ್ಳಿಯ ಬಡಮಕ್ಕಳಿಗಾಗಿ ಕೇಂದ್ರವನ್ನು ತೆರೆದರು. ಕೇರಿಯ ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಅವರು ಬಾಲವಾಡಿಯನ್ನೇ ಕೇರಿಯ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಹೆಸರಿನ ಮೂಲವು ಅಲ್ಲಿರುವುದು. ಅಂದು ಬೋರ್ಡಿಯೂ ಹಾವೇರಿಯೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಕ್ಕಿಯ ತಟ್ಟೆಯ ಮುಂದೆ ಕೂರಲು ಮನೆಗೇ ಬಂದ ಐಗಳ ಪದ್ಧತಿಗೂ ಈ ಹೊಸ ಕ್ರಮಕ್ಕೂ ಇರುವ ಸಾಮ್ಯವು ಗಮನಿಸತಕ್ಕದ್ದು. ಐಗಳು ಹೋಗದಿದ್ದ ಕೇರಿಗೆ ತಾರಾಬಾಯಿಯವರು ಹೋದರೆಂಬ ಭೇದವೂ ಅಷ್ಟೇ ಗಮನಿಸತಕ್ಕದ್ದು.

ಸ್ವರಾಜ್ಯ ಬಂದ ಮೇಲೆ ಸಂವಿಧಾನದ 45ನೆಯ ಅನುಚ್ಛೇದವು ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣವನ್ನು ಕೊಡಲು ಯತ್ನಿಸಬೇಕೆಂದು ರಾಜ್ಯಕ್ಕೆ ವಿಧಿಸಿತು. 1975ರ ಅಕ್ಟೋಬರ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಮೊದಲಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಹೆಯ ತಿರುಮಕೂಡಲು ನರಸೀಪುರವು ಅದರ ಮೊದಲ ನೆಲೆಯು. ಕಾಲಕ್ರಮದಲ್ಲಿ ಅಂಗನವಾಡಿಗಳು ಈ ಮೂರು ತಾಲೂಕುಗಳ ಹಳ್ಳಿಹಳ್ಳಿಗೂ ತಾಂಡಾಗಳಿಗೂ ಬಂದವು. 1997ರಲ್ಲಿ ಹಾವೇರಿಯು ಸ್ವತಂತ್ರ ಜಿಲ್ಹೆಯಾಯಿತು. ಆದರೆ 2002ರ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿ, ಆರರೊಳಗಿನವರನ್ನು ರಾಜ್ಯನೀತಿಯ ನಿರ್ದೇಶನದಲ್ಲಿಯೇ ಉಳಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿಯೂ ಆರರೊಳಗಿನವರಿಗೆ ಸರಕಾರವು ವ್ಯವಸ್ಥೆ ಮಾಡಬಹುದೆಂಬ ಮಾತಿದೆಯೇ ಹೊರತು ಮಾಡಲೇಬೇಕೆಂಬ ಕಟ್ಟಿಲ್ಲ. ಆದುದರಿಂದ ಅತ್ಯಂತ ಎಳೆಯ ಮಗುವಿನ ವಿದ್ಯೆಯು ಇನ್ನೂ ಹಿರಿಯರ ಸೌಜನ್ಯವನ್ನು ಅವಲಂಬಿಸಿದೆ.

ಅಂಗನವಾಡಿಯ ಪ್ರಯೋಜನವು ಆ ಮಗುವಿಗೆ ಮಾತ್ರ ಸಲ್ಲುವುದಿಲ್ಲ. ಕೂಲಿಯ ತಾಯಿ ಹೊರಗೆ ಹೋದಾಗ ಕೂಸನ್ನು ನೋಡಿಕೊಳ್ಳುವವರು ಯಾರು? ಎಂಟು ಹತ್ತು ವರ್ಷದ ಅಕ್ಕನು ಶಾಲೆಯನ್ನು ಬಿಟ್ಟು ಕಂಕುಳಲ್ಲಿ ತಮ್ಮನನ್ನು ಎತ್ತಿಕೊಳ್ಳುವಳು. ತಮ್ಮನಿಗೆ ಒಂದು ನೆರಳಿನ ಜಾಗವು ದೊರೆತರೆ ಅಕ್ಕನಿಗೆ ಶಾಲೆಯು ದೊರೆಯುತ್ತದೆ. ಕರ್ನಾಟಕ ಸರಕಾರವು 2023ರಲ್ಲಿ ದುಡಿಯುವ ತಾಯಂದಿರ ಕೂಸುಗಳಿಗಾಗಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಸಂಕಲ್ಪವನ್ನು ಸಾರಿದುದು ಇದೇ ಅರಿವಿನಿಂದ.

ಇನ್ನು ಬೇಸಿಗೆಯ ಮಾತು. ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯುತ್ತದೆ. ಅದಕ್ಕೆ ಮುಂಚಿನ ಚೈತ್ರ ವೈಶಾಖಗಳಲ್ಲಿ ಬಡಮಗುವಿಗೆ ಯಾವ ಸಿದ್ಧತೆಯೂ ಇರುವುದಿಲ್ಲ. ಈ ಕೊರತೆಯನ್ನು ಅಮೇರಿಕ ದೇಶವು 1965ರಲ್ಲಿ ಮನಗಂಡು, ಬಡವರ ಮಕ್ಕಳಿಗಾಗಿ ಎಂಟು ವಾರಗಳ ಬೇಸಿಗೆಯ ಶಾಲೆಗಳನ್ನು ‘ಹೆಡ್ ಸ್ಟಾರ್ಟ್’ ಎಂಬ ಹೆಸರಿನಿಂದ ತೆರೆಯಿತು. ಮೊದಲ ಬೇಸಿಗೆಯಲ್ಲಿಯೇ ಐದು ಲಕ್ಷಕ್ಕೂ ಮಿಕ್ಕ ಮಕ್ಕಳು ಬಂದರು. ಅವರಿಗೆ ಪಾಠದೊಡನೆ ಊಟವೂ ವೈದ್ಯರ ತಪಾಸಣೆಯೂ ದೊರೆತವು. ನಾಲ್ಕು ವರ್ಷಗಳ ತರುವಾಯ, 1969ರಲ್ಲಿ, ನಡೆದ ಪರೀಕ್ಷಣೆಯು ಬೇಸಿಗೆಯ ಕೆಲವೇ ವಾರಗಳ ಫಲವು ಬಹುಕಾಲ ನಿಲ್ಲುವುದಿಲ್ಲವೆಂದು ತಿಳಿಸಿತು. ಆ ಬಳಿಕ ಆ ದೇಶದವರು ವರ್ಷಪೂರ್ತಿ ನಡೆಯುವ ಶಿಶುಶಾಲೆಗಳ ಕಡೆಗೆ ಹೊರಳಿದರು. ಒಂದು ಮಳೆಗೆ ಬೆಳೆಯು ಬಾರದೆಂಬುದನ್ನು ಒಕ್ಕಲುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ಆ ಮೊದಲ ಮಳೆಯಿಲ್ಲದೆ ಬಿತ್ತನೆಯೂ ಆಗದು.

ನಮ್ಮ ನಾಡಿನಲ್ಲಿಯೂ ಈ ಶತಮಾನದ ಆರಂಭದಲ್ಲಿ ಶಾಲೆಯನ್ನು ಬಿಟ್ಟ ಮತ್ತು ಶಾಲೆಯನ್ನೇ ಕಾಣದ ಮಕ್ಕಳಿಗಾಗಿ ಬೇಸಿಗೆಯ ರಜೆಯಲ್ಲಿ ‘ಚಿಣ್ಣರ ಅಂಗಳ’ಗಳು ನಡೆದವು. ವಯಸ್ಸಿಗೆ ತಕ್ಕ ಇಯತ್ತೆಯಲ್ಲಿ ಅವರನ್ನು ಜೂನ್ ತಿಂಗಳಲ್ಲಿ ಕೂರಿಸುವುದೇ ಅವುಗಳ ಗುರಿಯಾಗಿದ್ದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಮೇರೆಗೆ 2021ರಲ್ಲಿ ‘ವಿದ್ಯಾಪ್ರವೇಶ’ ಎಂಬ ಮೂರು ತಿಂಗಳ ಆಟಪಾಠದ ಕ್ರಮವು ಒಂದನೆಯ ಇಯತ್ತೆಯ ಮಕ್ಕಳಿಗಾಗಿ ಪ್ರಕಟವಾಯಿತು. ಇದರಲ್ಲಿ ಅಕ್ಷರದ ಬಲವಂತವಿಲ್ಲ. ಕಥೆ, ಹಾಡು, ಎಣಿಕೆ, ಬಣ್ಣ, ಬೆರಳಿನ ಹದ, ಸರದಿಯಲ್ಲಿ ನಿಲ್ಲುವುದು, ಗುರುವಿನ ಮಾತನ್ನು ಆಲಿಸುವುದು ಮುಂತಾದವುಗಳು ಮೊದಲು ಬರುತ್ತವೆ. ತಾಂಡಾದ ಮಗುವಿನ ಮನೆಯ ನುಡಿ ಲಂಬಾಣಿ. ಪೇಟೆಯ ಎಷ್ಟೋ ಮನೆಗಳಲ್ಲಿ ಉರ್ದು. ಅಂಥ ಮಗುವಿಗೆ ಶಾಲೆಯ ಕನ್ನಡವು ಕಿವಿಗೆ ಇಂಪಾಗಿ ಬೀಳುವ ಮೊದಲೇ ಪುಸ್ತಕವನ್ನು ಕೊಟ್ಟರೆ, ಅದು ಮೌನವಾಗುವುದು. ಆ ಮೌನವನ್ನು ದಡ್ಡತನವೆಂದು ಎಣಿಸುವುದು ಗುರುಗಳಿಗೆ ಸುಲಭವು. ಬೇಸಿಗೆಯ ಶಿಬಿರದ ಮುಖ್ಯ ಕೆಲಸವು ಆ ಮೌನವನ್ನು ಒಡೆಯುವುದೇ ಆಗಿದೆ.

ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ಸುಗ್ಗಿಯ ಬಳಿಕ ಬೇಸಿಗೆಯವರೆಗೂ ಪೇಟೆಯಲ್ಲಿ ಕೆಂಪು ರಾಶಿಗಳು ಬೀಳುತ್ತವೆ. ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಾರೆ; ತೂಕದ ಲೆಕ್ಕದಲ್ಲಿ ಅವರಿಗೆ ಕೂಲಿ. ಗಳಿಗೆ ವ್ಯರ್ಥವಾದರೆ ಗಳಿಕೆಯೂ ಕಡಿಮೆ. ಘಾಟಿನ ನಡುವೆ ಕಣ್ಣುಜ್ಜಿಕೊಳ್ಳುವ ಕೂಸನ್ನು ದೂರ ಕಳುಹಲು ಅವರಿಗೆ ಬಿಡುವಿಲ್ಲ, ನಂಬಿಗೆಯ ಜಾಗವೂ ಇಲ್ಲದಿದ್ದರೆ ಕೂಸು ಅಲ್ಲಿಯೇ ಉಳಿಯುವುದು. ಎಲ್ಲಕ್ಕಿಂತ ಹೆಚ್ಚು ದುಡಿಮೆಯ ಆ ತಿಂಗಳುಗಳೇ ಶಾಲೆಯ ಸಿದ್ಧತೆಯ ತಿಂಗಳುಗಳೂ ಆಗಿರುವುದು ಈ ಸೀಮೆಯ ತೊಡಕು. ಕ್ಯಾಂಪಬೆಲ್ಲನು ಇನ್ನೂರು ವರ್ಷಗಳ ಹಿಂದೆ ಕಂಡ ಅಡ್ಡಿಯೇ ಬೇರೆ ವೇಷದಲ್ಲಿ ಇಲ್ಲಿ ನಿಂತಿದೆ.

ಮಕ್ಕಳ ಬಿಸಿಯೂಟಕ್ಕೆ 2002ರಲ್ಲಿ ಕರ್ನಾಟಕ ಸರಕಾರವು ‘ಅಕ್ಷರ ದಾಸೋಹ’ವೆಂಬ ಹೆಸರನ್ನು ಇಟ್ಟಾಗ, ಶರಣರ ಮಾತೊಂದು ಶಾಲೆಯ ಅಡಿಗೆಮನೆಗೆ ಬಂದಿತು. ದಾಸೋಹವೆಂದರೆ ಉಣಬಡಿಸುವವನು ತಾನು ದಾಸನೆಂದು ತಿಳಿದು ಮಾಡುವ ಸೇವೆ. ಮಠದ ಪಡಸಾಲೆ, ಕಲ್ಯಾಣಮಂಟಪ, ಗುಡಿಯ ಕಟ್ಟೆಗಳು ಮದುವೆಯ ಮುಹೂರ್ತಗಳಿಲ್ಲದ ದಿನಗಳಲ್ಲಿ ಬರಿದಾಗಿರುತ್ತವೆ. ಕೂಲಿಯ ಅಂಗಳಕ್ಕೆ ಹತ್ತಿರದ ಒಂದು ನೆರಳು, ಕುಡಿಯುವ ನೀರು, ಮಧ್ಯಾಹ್ನದ ಪ್ರಸಾದ, ಕಥೆ ಹೇಳಬಲ್ಲ ಇಬ್ಬರು ತಾಯಂದಿರು, ಒಂದು ಬುಟ್ಟಿ ಮರಳು ಇಷ್ಟಿದ್ದರೆ ಬೇಸಿಗೆಯ ಬಾಲವಾಡಿಯು ನಡೆಯುವುದು. ಕೆಲಸದ ಹೊತ್ತು ಮುಗಿಯುವವರೆಗೂ ಅದು ತೆರೆದಿರಬೇಕು. ಜಾತಿಯನ್ನು ಕೇಳದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಕು. ಊರ ಅಂಗನವಾಡಿಗೆ ಅದು ಪೋಟಿಯಾಗದೆ ಅದರ ಕೈಗೂಡಿ ನಡೆಯಬೇಕು. ಜೂನ್ ತಿಂಗಳಲ್ಲಿ ಪ್ರತಿಯೊಂದು ಮಗುವನ್ನೂ ಶಾಲೆಯ ಗುರುಗಳ ಕೈಗೆ ಒಪ್ಪಿಸಿ, ದೀಪಾವಳಿಯವರೆಗೆ ಅದರ ಹಾಜರಿಯನ್ನು ವಿಚಾರಿಸುತ್ತಿರಬೇಕು. ವೈಶಾಖದಲ್ಲಿ ಬರುವ ಬಸವ ಜಯಂತಿಯ ದಿನದಂದು ಇಂಥದೊಂದು ಬಾಲವಾಡಿಯು ಹಾವೇರಿಯಲ್ಲಿ, ರಾಣೆಬೆನ್ನೂರಿನಲ್ಲಿ, ಬ್ಯಾಡಗಿಯಲ್ಲಿ ತೆರೆದರೆ, ಅಂದು ಐಗಳು ಹೋಗದೆ ಬಿಟ್ಟ ಮನೆಗಳ ಮಕ್ಕಳ ಬೆರಳೂ ಮರಳಿನ ಮೇಲೆ ಆಡುವುದು. ಆ ಕಾರ್ಯಕ್ಕೆ ಶಿಷ್ಯವರ್ಗದವರು ಹೆಗಲು ಕೊಡಲೆಂದು ಆಶಿಸುವುದು ಉಚಿತವಾಗಿದೆ.