ಗದಗಿನ ಹತ್ತಿ, ಕುಮಟೆಯ ಹಾಯಿ

ನಮ್ಮ ಕಡೆಯ ದೇಸಿ ಹತ್ತಿಗೆ ಮುಂಬಯಿ ಪೇಟೆಯಲ್ಲಿ ‘ಕುಮಟಾ’ ಅಂತ ಹೆಸರು. ಬೆಳೆದದ್ದು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಎರೆಹೊಲದಲ್ಲಿ. ಹೆಸರು ಮಾತ್ರ ದೋಣಿ ಹತ್ತಿಸಿದ ಬಂದರಿನದು. ಲಕ್ಷ್ಮೇಶ್ವರ ಆಗ ಮಿರಜ ಸಂಸ್ಥಾನದ ಕೈಯಲ್ಲಿತ್ತು, ಶಿರಹಟ್ಟಿ ಸಾಂಗ್ಲಿಯವರ ಕೈಯಲ್ಲಿ. ಆಳೋರು ಬೇರೆಯಾದರೇನು, ಹತ್ತಿ ಅಂಡಿಗಿ ಹೆಚ್ಚಾಗಿ ಹಿಡಿಯುತ್ತಿದ್ದ ದಾರಿ ಒಂದೇ: ಹುಬ್ಬಳ್ಳಿ, ಶಿರಸಿ, ದೇವಿಮನೆ ಘಟ್ಟ, ಕುಮಟಾ.

ಈ ದಾರಿಯ ಕಥೆಯನ್ನು ಬಹಳ ಮಂದಿ ಬರೆದಿದ್ದಾರೆ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಿತು, ಇಲ್ಲಿಯ ಬೆಲೆ ಗಗನಕ್ಕೇರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಗೊಂದು ಬಂದರು ಬೇಕೆಂಬ ಲೆಕ್ಕಾಚಾರವಿತ್ತು. ಹತ್ತಿಗೆ ಕಸ, ಬೀಜ ಬೆರೆಸುವುದು ವಿಪರೀತವಾಗಿ 1863ರಲ್ಲಿ ಮುಂಬಯಿ ಸರಕಾರ ಅದಕ್ಕೆಂದೇ ಕಾಯಿದೆ ತಂದಿತು. ಇಷ್ಟು ಎಲ್ಲ ಪುಸ್ತಕದಲ್ಲೂ ಸಿಗುತ್ತೆ. ಆದರೆ ಅವೆಲ್ಲ ಘಟ್ಟ ಇಳಿದು ಕುಮಟೆಯ ದಂಡೆಗೆ ಬಂದು ನಿಂತುಬಿಡುತ್ತವೆ. ಅಲ್ಲಿಂದ ಮುಂದೆ ಮುಂಬಯಿಯ ತನಕ ನಾಲ್ಕಾರು ಖಲಾಸಿಗಳು ಆ ಹತ್ತಿಯನ್ನು ಹೆಂಗ ಒಯ್ದರು ಅನ್ನೋದೇ ನನಗೆ ಕುತೂಹಲ.

ಲೆಕ್ಕ ಹಾಕಿ ನೋಡ್ರಿ. ನಮ್ಮ ಹತ್ತಿ ಬಿಡಿಸೋದು ಮಾಘ ಫಾಲ್ಗುಣದ ಹೊತ್ತಿಗೆ. ಜೂನ್ ಬಂತೆಂದರೆ ಸಮುದ್ರ ಬಂದ್. ಬಿಡಿಸಿ, ಅರಳೆ ಮಾಡಿ, ಎತ್ತಿನ ಮೇಲೆ ಹೇರಿ, ಘಟ್ಟ ಇಳಿಸಿ, ದೋಣಿ ಹತ್ತಿಸೋದಕ್ಕೆ ಮೂರು ತಿಂಗಳೂ ಪೂರಾ ಸಿಗೋದಿಲ್ಲ. ಮೇ ತಿಂಗಳಲ್ಲಿ ಹೊರಟ ದೋಣಿಗೆ ದಿನವೊಂದೂ ದುಬಾರಿ. ತಡವಾದರೆ ಅಂಡಿಗಿ ಕರಾವಳಿಯಲ್ಲೇ ಮಳೆಗಾಲ ಕಳೆಯಬೇಕು. ಅರಳೆ ಮತ್ತು ನೀರು, ಬಿಡಿಸಿ ಹೇಳೋದು ಬೇಡ.

ಅದರ ಮೇಲೆ ಗಾಳಿ. ಬೇಸಿಗೆಯಲ್ಲಿ ಆ ಕರಾವಳಿಗೆ ಹಗಲು ವಾಯವ್ಯದ ಗಾಳಿ, ರಾತ್ರಿ ನೆಲದ ಕಡೆಯಿಂದ ಮೆಲ್ಲಗಿನ ಗಾಳಿ. ಮುಂಬಯಿ ಇರೋದು ಉತ್ತರಕ್ಕೆ. ಅಂದರೆ ಹಗಲೆಲ್ಲ ಓರೆಓರೆಯಾಗಿ, ಹಾವು ಹರಿದಂಗೆ ಹೋಗಬೇಕು, ಮತ್ತೆಮತ್ತೆ ತಿರುಗಬೇಕು. ಪತ್ತೆಮಾರಿಗೆ ಎರಡು ಮೂರು ಕಂಬ. ಒಂದೊಂದಕ್ಕೂ ಓರೆಯಾಗಿ ತೂಗೋ ಉದ್ದನೆ ಮರ, ಅದಕ್ಕೆ ಕಟ್ಟಿದ ಅಗಾಧ ಹಾಯಿ. ಇಂಥ ದೋಣಿಯ ಮೂತಿಯನ್ನು ನೇರ ಗಾಳಿಗೆ ಕೊಟ್ಟು ತಿರುಗಿಸಿದರೆ ಹಾಯಿ ಕಂಬಕ್ಕೆ ಅಪ್ಪಳಿಸಿ ಅಲ್ಲೇ ಕೂತುಬಿಡುತ್ತೆ. ಹಾಗಾಗಿ ತಾಂಡೇಲ ಗಾಳಿಗೆ ಬೆನ್ನು ಕೊಟ್ಟೇ ತಿರುಗಬೇಕು. ಆಗ ಹಗ್ಗ ಸಡಿಲ ಬಿಟ್ಟು, ಮರವನ್ನು ಕಂಬದ ಗುಂಟ ನೆಟ್ಟಗೆ ತಂದು, ಹಾಯಿಯನ್ನು ಕಂಬದ ಮುಂದಿನಿಂದ ಆಚೆ ಕಡೆಗೆ ಒಯ್ದು, ಮತ್ತೆ ಬಿಗಿಯಬೇಕು. ನಡುವಿನ ಆ ಒಂದು ಗಳಿಗೆ ಹಾಯಿ ಯಾರ ಕೈಯಲ್ಲೂ ಇಲ್ಲ. ಗಾಳಿ ಜೋರಾದರೆ ಮರವೇ ಮುರಿಯಬಹುದು, ಹಗ್ಗ ಹಿಡಿದವನು ನೀರಿಗೆ ಬೀಳಬಹುದು. ಹತ್ತಿಯೋ, ತೂಕ ಕಡಿಮೆ, ಮೈ ದೊಡ್ಡದು. ಎಷ್ಟು ತುಂಬಿದರೂ ದೋಣಿ ಇನ್ನೂ ತಾಳುತ್ತೆ ಅನ್ನಿಸುತ್ತೆ, ಕೊನೆಗೆ ಕಾಲಿಡಲು ಜಾಗ ಇರೋದಿಲ್ಲ.

1884ಕ್ಕೆ ಗದಗಕ್ಕೆ ರೈಲು ಬಂತು. ಆ ದಶಕ ಮುಗಿಯೋದರೊಳಗೆ ಹಳಿ ಗೋವೆಯ ಮುರಗಾಂವ ಬಂದರಿಗೂ ಮುಟ್ಟಿತು. ಕುಮಟೆಯ ಹತ್ತಿ ವ್ಯಾಪಾರ ಬಿತ್ತು. ಹತ್ತಿಗೆ ಮಾತ್ರ ಆ ಹೆಸರು ಆಮೇಲೂ ಬಹಳ ವರ್ಷ ಉಳಿಯಿತು.

ಕುಮಟೆಯಲ್ಲಿ ಹತ್ತಿಯ ಭರಾಟೆ ನಡೆದಿದ್ದ ಅದೇ 1860ರ ದಶಕದಲ್ಲಿ ಇಂಗ್ಲೆಂಡಿನ ಸಿರಿವಂತರು ಪಂದ್ಯದ ದೋಣಿಗಳಿಗೆ ಒಂದು ಹೊಸ ಹಾಯಿ ಕಟ್ಟಿದರು. ಅದೇ ಸ್ಪಿನ್ನೇಕರ್. ‘ಸ್ಫಿಂಕ್ಸ್’ ಅನ್ನೋ ದೋಣಿಯ ಹೆಸರು ನಾವಿಕರ ಬಾಯಲ್ಲಿ ತಿರುಚಿ ಹೀಗಾಯಿತು ಅಂತ ಒಂದು ಕಥೆ, ನಂಬೋರು ನಂಬಬಹುದು. ಬೆನ್ನಗಾಳಿಗೆಂದೇ ಇರೋ ಈ ಹಾಯಿಗೆ ಮರದ ಚೌಕಟ್ಟಿಲ್ಲ, ಮೂರು ಮೂಲೆಯಲ್ಲಷ್ಟೇ ಹಿಡಿತ. ಅಂಡಿಗಿ ಮೇಲೆ ತಾಡಪತ್ರಿ ಹೊದಿಸುವಾಗ ಗಾಳಿ ಒಳಹೊಕ್ಕರೆ ಏನಾಗುತ್ತೆ? ಅಂಥದ್ದನ್ನು ಬೇಕಂತಲೇ ಮಾಡಿ, ಅದರ ಎಳೆತಕ್ಕೆ ದೋಣಿ ಓಡಿಸೋದು.

ಹತ್ತು ಹನ್ನೆರಡು ಜನ ಇದ್ದರೆ ಇದು ಆಟ. ಇಬ್ಬರೇ ಇದ್ದರೆ ಏರಿಸೋದಕ್ಕಿಂತ ಇಳಿಸೋದರ ಚಿಂತೆ ದೊಡ್ಡದು. ಗಾಳಿಯ ಜೊತೆಗೇ ಓಡೋದರಿಂದ ಅದರ ಜೋರು ಮೈಗೆ ತಿಳಿಯೋದಿಲ್ಲ. ಆಷಾಢದಲ್ಲಿ ಗದಗದಿಂದ ಮುಂಡರಗಿಗೆ ಬೈಕಿನಲ್ಲಿ ಹೋಗ್ರಿ, ಗಾಳಿಯೇ ಇಲ್ಲ ಅನ್ನಿಸುತ್ತೆ. ವಾಪಸ್ ಹೊರಟಾಗ ಗೊತ್ತಾಗುತ್ತೆ. 15 ನಾಟ್ ಬೆನ್ನಗಾಳಿಯಲ್ಲಿ 7 ನಾಟ್ ಓಡೋ ದೋಣಿಯವನಿಗೆ ಮುಟ್ಟೋದು 8 ನಾಟ್ ಮಾತ್ರ. ‘ಇನ್ನೂ ತಡಿ’ ಅಂತ ಅವನು ಕೂತಿರುವಾಗಲೇ ದೋಣಿ ಹಿಡಿತ ತಪ್ಪಿ ಗಾಳಿಗೆ ಅಡ್ಡ ತಿರುಗಿ ಮಗುಚಿಕೊಳ್ಳುತ್ತೆ.

ಇಳಿಸೋ ಕ್ರಮ ಹೀಗೆ. ಚುಕ್ಕಾಣಿ ಹಿಡಿದವರು ದೋಣಿಯನ್ನು ಇನ್ನಷ್ಟು ಗಾಳಿಯ ಹಾದಿಗೇ ತಿರುಗಿಸಿ, ಸ್ಪಿನ್ನೇಕರನ್ನು ದೊಡ್ಡ ಹಾಯಿಯ ಮರೆಗೆ ತರಬೇಕು. ಮರೆಯಲ್ಲಿ ಅದರ ಉಸಿರು ಹೋಗುತ್ತೆ. ಆಗ ಎರಡನೆಯವರು ಮೇಲಿಂದ ಕಾಲುಚೀಲದಂಥ ಉದ್ದನೆ ಚೀಲ ಎಳೆದು ಹಾಯಿಯನ್ನು ಮುಚ್ಚುತ್ತಾರೆ, ಆಮೇಲೆ ಹಗ್ಗ ಬಿಡ್ತಾರೆ. ಮೊದಲೇ ಹಗ್ಗ ಬಿಟ್ಟರೆ ಹಾಯಿ ನೀರಿಗೆ ಬಿದ್ದು ಬಲೆಯಂಗೆ ದೋಣಿಯನ್ನೇ ಹಿಂದಕ್ಕೆ ಎಳೆಯುತ್ತೆ. ಪತ್ತೆಮಾರಿಯ ತಾಂಡೇಲನಿಗೆ ಈ ಚೀಲ ಇರಲಿಲ್ಲ, ಆದರೆ ಬೆನ್ನಗಾಳಿಯಲ್ಲಿ ಸಡಿಲ ಹಾಯಿ ಏನು ಮಾಡುತ್ತೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಬೆನ್ನಗಾಳಿಯ ಹಾಯಿಯನ್ನು ಇಬ್ಬರೇ ನಿಭಾಯಿಸಿದ ನಮ್ಮ ಕಾಲದ ಉದಾಹರಣೆ ‘ತಾರಿಣಿ’. ನೌಕಾಪಡೆಯ ಈ 17 ಮೀಟರ್ ದೋಣಿ ಗೋವೆಯ ದಿವಾರದಲ್ಲಿ ಕಟ್ಟಿದ್ದು. ಅಲ್ಲಿ ಹರಿಯೋ ಮಾಂಡವಿ ಬೇರೆ ಯಾವುದೂ ಅಲ್ಲ, ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ಕೂತು ನಾವು ಕೇಳಿದ ಮಹಾದಾಯಿಯೇ. ಅದೇ ಅಂಗಳದಲ್ಲಿ ಮೊದಲು ಕಟ್ಟಿದ ದೋಣಿಗೆ ‘ಮ್ಹಾದೇಯಿ’ ಅಂತಲೇ ಹೆಸರು. 2024ರ ಅಕ್ಟೋಬರ್ 2ರಂದು ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ರೂಪಾ ಎ. ತಾರಿಣಿಯಲ್ಲಿ ಹೊರಟರು. ಒಬ್ಬರು ಮಲಗಿದರೆ ಇನ್ನೊಬ್ಬರು ಒಂಟಿ. ಎಂಟು ತಿಂಗಳು, 25 ಸಾವಿರ ನಾಟಿಕಲ್ ಮೈಲಿ ದಾಟಿ, 2025ರ ಮೇ 29ರಂದು, ಮಳೆಗಾಲ ಕರಾವಳಿ ಮುಟ್ಟಿದ್ದ ಹೊತ್ತಿಗೆ, ಅವರು ಮುರಗಾಂವ ಬಂದರು ಸೇರಿದರು.